ತಿರುಚಿದ ಬೆಳಕಿನಿಂದ ಕಣ ತಿರುಗಿಸಿದ್ದು: ನನ್ನ ಅನುಭವ

ಬೆಳಗಾವಿಯೊಳಗ ಕೂತು ವೋರ್ಟೆಕ್ಸ್ ಬೀಮ್‌ನಿಂದ (ತಿರುಪಿನಂಗ ಸುತ್ತಿಕೊಂಡು ಹೋಗೋ ಲೇಸರ್ ಬೆಳಕಿನಿಂದ) ಸಣ್ಣ ಕಣ ತಿರುಗಿಸ್ತೀನಿ ಅಂದಾಗ ನಮ್ಮ ಡಿಪಾರ್ಟ್‌ಮೆಂಟಿನವ್ರು, "ಸರ್, ಎಸ್ಎಲ್ಎಮ್ (ಬೆಳಕಿನ ಅಲಿ ತಿದ್ದೋ ಕಂಪ್ಯೂಟರ್ ಪರದೆ) ಇಲ್ದ ಆಗೂದಿಲ್ರಿ, ಅದಕ್ಕ ಲಕ್ಷಗಟ್ಟಲೆ ರೊಕ್ಕ ಬೇಕು" ಅಂದ್ರು. ನಂದು ಸುಮಾರು 15,000 ರೂಪಾಯ್ದಾಗ ಮುಗದೈತಿ, ಅದರಾಗ ಹಾಳು ಮಾಡಿದ್ದs 5,000.

ಎಸ್ಎಲ್ಎಮ್ ಬದಲಿಗೆ ಫೋರ್ಕ್ ಗ್ರೇಟಿಂಗ್ (ನಡುವ ಒಂದು ಗೆರಿ ಫೋರ್ಕಿನ ಹಲ್ಲಿನಂಗ ಕವಲೊಡೆದ ಗೆರಿಗಳ ಸಾಲು, ಅದರಾಗ ಹಾಯ್ದ ಲೇಸರ್ ತಿರುಚತೈತಿ) ಫೈಲ್ ನಾನs ಮಾಡಿ, ಲಗ್ನಪತ್ರಿಕೆಗೆ ಪಾಸಿಟಿವ್ ತೆಗೆಯೋರ ಹತ್ರ 2400 ಡಿಪಿಐ (ಇಂಚಿಗೆ 2400 ಡಾಟ್) ಫಿಲ್ಮ್ ತೆಗೆಸಿದೆ. ಮೊದಲ್ನೇ ಮೂರು ಫಿಲ್ಮ್ ದಂಡ. ಗ್ರೇ ಫೈಲ್ ಕೊಟ್ಟಿದ್ದೆ, ಅವರ ಮಷಿನ್ ಗೆರಿ ಎಲ್ಲಾ ಒಡೆದು ಚುಕ್ಕಿ ಮಾಡಿತು. ಬರೇ ಕಪ್ಪು-ಬಿಳಿ ಬಿಟ್‌ಮ್ಯಾಪ್, ಗೆರಿಯಿಂದ ಗೆರಿಗೆ ಎಂಟು ಡಾಟ್ ಅಂತರ ಇಟ್ಟು ಕೊಟ್ಟ ಮ್ಯಾಲೆ ಒಂದೂವರೆ ಮೀಟರ್ ದೂರದಾಗ ಫಸ್ಟ್ ಆರ್ಡರ್ (ನೇರ ಕಿರಣದ ಪಕ್ಕಕ್ಕ ಬಾಗಿ ಬೀಳೋ ಮೊದಲ ಕಿರಣ) ಒಂದು ಸೆಂಟಿಮೀಟರ್ ಸರದು ಚಂದ ಉಂಗುರ ಬಿತ್ತು, ನಡುವ ಕತ್ತಲ. ಆದ್ರ ಲೇಸರ್‌ನ ಹತ್ತರಾಗ ಒಂಬತ್ತು ಪಾಲು ಅಲ್ಲೇ ಹೋಗ್ತೈತಿ. ಫಿಲ್ಮ್ ಬ್ಲೀಚ್ ಮಾಡಿ ಸ್ವಲ್ಪ ಗಳಿಸ್ಕೊಂಡೆ.

ಕಣಕ್ಕ ಮೊದಲು ದೀಪದ ಕಾಡಿಗಿ ನೋಡಿದೆ, ಬರೇ ಮುದ್ದಿ ಕಟ್ಟತೈತಿ. ಆಮ್ಯಾಲೆ 1995ರಾಗ ಆಸ್ಟ್ರೇಲಿಯಾದವ್ರು ಮಾಡಿದಂಗ ಕಾಪರ್ ಆಕ್ಸೈಡ್ ಪುಡಿ ನೀರಾಗ ಕದಡಿ, ಮ್ಯಾಲಿನ ತಿಳಿ ಒಂದs ಹನಿ ಸ್ಲೈಡಿಗೆ. ಹಳೇ ಮೈಕ್ರೋಸ್ಕೋಪಿನ 100ಎಕ್ಸ್ ಆಯಿಲ್ ಲೆನ್ಸ್, ಟೇಬಲ್ ಕೆಳಗ ಸ್ಕೂಟರ್ ಟ್ಯೂಬ್, ಲಾರಿ ಓಡಾಟ ನಿಂತ ಮ್ಯಾಲೆ ರಾತ್ರಿ ಹನ್ನೊಂದಕ್ಕ ಶುರು. ಫೋರ್ಕಿನ ನಡುಭಾಗದಿಂದ ಬೀಮ್ ಕೂದಲೆಳಿಯಷ್ಟು ಸರಿದ್ರೂ ಉಂಗುರ ಕುದುರಿ ಲಾಳ ಆಗಿ, ಕಣ ತೆರವಿನಿಂದ ಜಿಗದು ಹೋಗ್ತಿತ್ತು.

ಒಂದು ರಾತ್ರಿ ಕರೀ ಕಣ ಉಂಗುರದ ಕತ್ತಲಿನ್ಯಾಗ ಸಿಕ್ಕಿ, ಗಾಜಿಗೆ ಒತ್ತಿ ನಿಂತು, ತಿರುಗಾಕ ಹತ್ತಿತ್ರಿ! ಸೆಕೆಂಡಿಗೆ ಎರಡ್ಮೂರು ಸುತ್ತು. ಕೈ ನಡಗಿ ವಿಡಿಯೋನೂ ಸರಿ ಬರಲಿಲ್ಲ.

ಮರುದಿನ ಡಿಪಾರ್ಟ್‌ಮೆಂಟಿನ ಮೂವರು "ಅದು ಬಿಸಿ ನೀರಿನ ಹರಿವು" ಅಂದ್ರು. ಬೆಳಕಿನ ತಿರುವು ಉಲ್ಟಾ ಮಾಡಿದ್ರ ಕಣನೂ ಉಲ್ಟಾ ತಿರಗಬೇಕು, ಹರಿವಾದ್ರ ತಿರಗೂದಿಲ್ಲ ಅಂತ ಫಿಲ್ಮ್ ಎಡ-ಬಲ ಮಗುಚಿ ಹಾಕಿದೆ, ಕಣ ಅದೇ ದಿಕ್ಕಿಗೇ ತಿರಗ್ತು, "ನೋಡ್ರಿ" ಅಂತ ಎದ್ದು ಹೋದ್ರು. ಆ ರಾತ್ರಿ ನಿದ್ದಿ ಇಲ್ಲ. ಬೆಳಗಾಮುಂಜಾನೆ ತಲಿಗೆ ಹೊಳೀತು, ಫೋರ್ಕ್ ಎಡ-ಬಲ ಕನ್ನಡಿಯಂಗ ಒಂದೇ, ಮಗುಚಿದ್ರ ಬದಲಾಗೂದಿಲ್ಲ, ಹಲ್ಲು ಕೆಳಗ ಬರಬೇಕು. ತಲೆಕೆಳಗ ಮಾಡಿ ಅದೇ ಸ್ಪಾಟ್ ಹಿಡಿದೆ, ಬೀಮ್‌ನ ಪವರ್ ಅಷ್ಟೇ, ಕಣ ಉಲ್ಟಾ ತಿರಗ್ತು. 1992ರಾಗ ನೆದರ್ಲೆಂಡ್ಸ್‌ನ ಲೈಡನ್‌ನವ್ರು ಹೇಳಿದ್ದು, ತಿರುಚಿದ ಬೆಳಕಿನ ಒಂದೊಂದು ಫೋಟಾನಿಗೆ (ಬೆಳಕಿನ ಕಣಕ್ಕ) ಅದರ ಸುತ್ತಿನ ಸಂಖ್ಯೆಯಷ್ಟು ಹೆಚ್-ಬಾರ್ (ಕ್ವಾಂಟಮ್ ಅಳತಿ) ಕೋನೀಯ ಸಂವೇಗ, ಅಂದ್ರ ತಿರುಗುವಿಕೆ ಇರತೈತಿ ಅಂತ, ನನ್ನ ಸ್ಲೈಡಿನ್ಯಾಗ ಕಂಡೆ. ಮೂವರನ್ನೂ ಕರದು ಎರಡೂ ದಿಕ್ಕು ತೋರಿಸಿದೆ, ಒಬ್ರು ಅರ್ಧ ತಾಸು ಐಪೀಸ್ ಬಿಡಲಿಲ್ಲ. ಈಗ ಮೂರು ಹಲ್ಲು ಹೆಚ್ಚಿರೋ ಫೋರ್ಕ್ ಫಿಲ್ಮಿಗೆ ಕೊಟ್ಟೀನಿ, ಶನಿವಾರ ಸಿಗತೈತಿ.