ಟರ್ಬೊ ಆಯಿಲ್ ರಿಟರ್ನ್ ಲೈನ್ ಬದಲಿಸಿದ ಮೇಲೆ ನೀಲಿ ಹೊಗೆ ನಿಂತಿತು

ಚಿಕ್ಕಮಗಳೂರಿನಿಂದ ಕೈಮರ ದಾಟಿ ಮುಳ್ಳಯ್ಯನಗಿರಿ ಏರು ಹತ್ತುವಾಗ ಗಾಡಿಯಿಂದ ನೀಲಿ ಹೊಗೆ. ಹೊಸದಾಗಿ ಕೂರಿಸಿದ ಟರ್ಬೊದ (ಎಕ್ಸಾಸ್ಟಿನ ಬಲದಿಂದ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಸಾಧನ) ಸೀಲ್ ಸರಿಯಾಗಿಯೇ ಇತ್ತು. ತೊಂದರೆ ಇದ್ದದ್ದು ಆಯಿಲನ್ನು ಟರ್ಬೊದಿಂದ ಎಂಜಿನ್ನಿಗೆ ಮರಳಿಸುವ ರಿಟರ್ನ್ ಲೈನಿನಲ್ಲಿ. ಟರ್ಬೊಗೆ ಆಯಿಲ್ ಬರುವುದು ಪಂಪಿನ ಒತ್ತಡದಿಂದ, ವಾಪಸು ಹೋಗುವುದು ಬರೀ ಇಳಿಜಾರಿನಿಂದ. ದಾರಿ ಇಕ್ಕಟ್ಟಾದರೆ ಆಯಿಲ್ ಅಲ್ಲೇ ತುಂಬಿಕೊಂಡು ಸೀಲ್ ದಾಟಿ ಎಕ್ಸಾಸ್ಟಿಗೆ ನುಗ್ಗುತ್ತದೆ.

10 ಮಿ.ಮೀ. ಹೋಸ್ ತೆಗೆದು ಒಳವ್ಯಾಸ 16 ಮಿ.ಮೀ. ಇರುವುದನ್ನು ಹಾಕಿದೆ. ಆದರೆ ದೊಡ್ಡ ತಪ್ಪು ಬೇರೆ: ಸಂಪಿನಲ್ಲಿ (ಎಂಜಿನ್ ತಳದ ಆಯಿಲ್ ತೊಟ್ಟಿ) ಈ ಹೋಸ್ ಸೇರುವ ತೂತು ಆಯಿಲ್ ಮಟ್ಟಕ್ಕಿಂತ ಕೆಳಗಿತ್ತು. ಅದನ್ನು ಮುಚ್ಚಿಸಿ, ಡಿಪ್‌ಸ್ಟಿಕ್ಕಿನ ಮ್ಯಾಕ್ಸ್ ಗುರುತಿನ ಮಟ್ಟಕ್ಕಿಂತ ಮೇಲೆ ಹೊಸ ಬಂಗ್ (ಹೋಸ್ ಜೋಡಿಸುವ ಲೋಹದ ಬಾಯಿ) ವೆಲ್ಡ್ ಮಾಡಿಸಿದೆ. ಸಂಪ್ ಇಳಿಸಿಯೇ ಕೊರೆಯಿರಿ. ಲೋಹದ ಪುಡಿ ಒಳಗುಳಿದರೆ ಬೇರಿಂಗ್ ಗೀರಿಹೋಗುತ್ತದೆ.

ಹೋಸ್ ಎಲ್ಲೂ ಜೋತು ಬೀಳದೆ ಒಂದೇ ಸಮ ಇಳಿಯಬೇಕು. ಟರ್ಬೊದ ಡ್ರೇನ್ ನೇರ ಕೆಳಮುಖವಾಗಿದ್ದರೆ ಉತ್ತಮ, ಹೆಚ್ಚೆಂದರೆ 35 ಡಿಗ್ರಿ ವಾಲಬಹುದು. ಕೂಲೆಂಟಿಗೆ ಬಳಸುವ ಸಾದಾ ಸಿಲಿಕೋನ್ ಹೋಸ್ ಖಂಡಿತ ಬೇಡ, ಬಿಸಿ ಆಯಿಲಿಗೆ ಉಬ್ಬಿ ಮೆತ್ತಗಾಗುತ್ತದೆ. ಟರ್ಬೊಗೆ ಬೋಲ್ಟ್ ಹಾಕಿ ಕೂರಿಸುವ ಫ್ಲೇಂಜಿಗೆ ಗ್ಯಾಸ್ಕೆಟ್ ಮಾತ್ರ ಸಾಕು. ಸೀಲಂಟ್ ಬಳಿದರೆ ಒಳಗೆ ಹಿಂಡಿಕೊಂಡು ದಾರಿ ಕಟ್ಟುತ್ತದೆ. ಎಂಜಿನ್ನಿನ ಕೆಳಭಾಗದ (ಕ್ರ್ಯಾಂಕ್‌ಕೇಸ್) ಗಾಳಿ ಹೊರಬಿಡುವ ಬ್ರೀದರ್ ಪೈಪನ್ನೂ ತೊಳೆಯಿರಿ. ಅದು ಕಟ್ಟಿದ್ದರೆ ಕ್ರ್ಯಾಂಕ್‌ಕೇಸಿನ ಒತ್ತಡವೇ ಆಯಿಲನ್ನು ತಡೆಯುತ್ತದೆ.

ಇಂಟರ್‌ಕೂಲರಿನಲ್ಲೂ (ಟರ್ಬೊದಿಂದ ಬರುವ ಗಾಳಿಯನ್ನು ತಣಿಸುವ ಭಾಗ) ಎಕ್ಸಾಸ್ಟಿನಲ್ಲೂ ಉಳಿದ ಆಯಿಲ್ ಉರಿದು ಮುಗಿಯುವವರೆಗೆ ಸ್ವಲ್ಪ ಹೊಗೆ ಇದ್ದೇ ಇರುತ್ತದೆ.