ವಿಮಾನದಲ್ಲಿ ಕೂಸಿಗೆ ಹಾಲು: ಇಳಿಯುವ ಹೊತ್ತಿಗೆ ಉಳಿಸಿಕೊಳ್ಳಿ

ಬಾಣಂತನ ಮುಗಿಸಿ ತವರಿಂದ ಹೊರಟ ದಿನ ಅಮ್ಮ ನನ್ನ ಮಗಳ ತಲೆಗೆ ಕುಲಾವಿ ಕಟ್ಟಿ, ಕಿವಿಗೆ ಹತ್ತಿ ಇಟ್ಟು, 'ಗಾಳಿ ಹೊಕ್ಕೀತು, ದೆಹಲಿ ಬರೋವರೆಗೂ ತೆಗೀಬೇಡ' ಎಂದು ಕಳಿಸಿದ್ದರು. ಮಗಳಿಗೆ ಆಗ ನಾಲ್ಕು ತಿಂಗಳು. ಬೆಂಗಳೂರಿನಿಂದ ದೆಹಲಿಗೆ ಹತ್ತಿರ ಹತ್ತಿರ ಎರಡೂಮುಕ್ಕಾಲು ಗಂಟೆ. ಜನ ಇನ್ನೂ ಹತ್ತುತ್ತಿರುವಾಗಲೇ ನಾನು ಹಾಲು ಕೊಟ್ಟೆ. ವಿಮಾನ ಅಲ್ಲಾಡುವ ಮೊದಲೇ ಅವಳಿಗೆ ಹೊಟ್ಟೆ ತುಂಬಿ ನಿದ್ದೆ. ನಡುವೆ ಎದ್ದಾಗ ಇನ್ನೊಂದು ಬದಿಯೂ ಖಾಲಿ. ವಿಮಾನ ಇಳಿಯತೊಡಗಿದಾಗ ಕಿರುಚಲು ಶುರು ಮಾಡಿದಳು ನೋಡಿ! ಎದೆಗೆ ಹಚ್ಚಿಕೊಂಡರೆ ಮುಖ ತಿರುಗಿಸುತ್ತಾಳೆ. ಹೊಟ್ಟೆಯಲ್ಲಿ ಜಾಗವೇ ಇರಲಿಲ್ಲ. ಹತ್ತಿ ಮಾತ್ರ ಕಿವಿಯಲ್ಲಿ ಭದ್ರವಾಗಿತ್ತು.

ಪಾಪ, ಹತ್ತಿಯ ತಪ್ಪೇನಿಲ್ಲ. ನೋವು ಬರುವುದು ಕಿವಿಯ ತಮಟೆಯ ಆಚೆಯಿಂದ. ಅಲ್ಲಿ ಗಾಳಿ ತುಂಬಿದ ಪುಟ್ಟ ಜಾಗವಿದೆ. ಅದರಿಂದ ಗಂಟಲ ಹಿಂಭಾಗಕ್ಕೆ ಒಂದು ಸಣ್ಣ ಕೊಳವೆ. ವಿಮಾನ ಎಷ್ಟೇ ಮೇಲೆ ಹಾರಲಿ, ಒಳಗಿನ ಗಾಳಿಯ ಒತ್ತಡ 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲಿದ್ದಷ್ಟು ಇರುತ್ತದೆ. ಅಂದರೆ ಮುಳ್ಳಯ್ಯನಗಿರಿಯ ತುದಿ ಅಥವಾ ಅದಕ್ಕಿಂತ ಸ್ವಲ್ಪ ಮೇಲೆ. ಏರುವಾಗ ಕಿವಿಯೊಳಗಿನ ಗಾಳಿ ಹಿಗ್ಗಿ, ಕೊಳವೆಯಿಂದ ತಾನಾಗಿಯೇ ಹೊರಬೀಳುತ್ತದೆ. ಇಳಿಯುವಾಗ ಹಾಗಲ್ಲ. ಹೊರಗಿನ ಒತ್ತಡ ಏರುತ್ತಾ ತಮಟೆಯನ್ನು ಒಳಕ್ಕೆ ತಳ್ಳುತ್ತದೆ, ಕೊಳವೆ ತೆರೆದರೆ ಮಾತ್ರ ಸಮ ಆಗುವುದು. ಅದು ತೆರೆಯುವುದು ನುಂಗಿದಾಗ, ಆಕಳಿಸಿದಾಗ. ದೊಡ್ಡವರು ಪೆಪ್ಪರಮೆಂಟು ಚಪ್ಪರಿಸುತ್ತಾರೆ. ಕೂಸಿಗೆ ಅಮ್ಮನ ಹಾಲು ಇದೆಯಲ್ಲ.

ಹಾಗಾಗಿ ಕೆಳಗೆ ಹೇಳುವ ತಯಾರಿಯೆಲ್ಲ ಒಂದೇ ಕೆಲಸಕ್ಕೆ: ವಿಮಾನ ಇಳಿಯತೊಡಗಿದಾಗ ಮಗುವಿಗೆ ಸ್ವಲ್ಪವಾದರೂ ಹಸಿವಿರಬೇಕು.

ಟಿಕೆಟ್ ಮತ್ತು ಸೀಟು

ಎರಡು ವರ್ಷದೊಳಗಿನ ಮಗುವಿಗೆ ಬೇರೆ ಸೀಟು ಬೇಕಿಲ್ಲ, ಮಡಿಲಲ್ಲೇ ಕೂರಿಸಿಕೊಳ್ಳಬಹುದು. ಆದರೆ ಟಿಕೆಟ್‌ನಲ್ಲಿ ಮಗುವಿನ ಹೆಸರು ಇರಲೇಬೇಕು. ಜನನ ಪ್ರಮಾಣಪತ್ರ ಅಥವಾ ವಯಸ್ಸು ತೋರಿಸುವ ಬೇರೆ ದಾಖಲೆ ಕೈಗೆ ಸಿಗುವಂತಿರಲಿ. ವಿದೇಶಕ್ಕಾದರೆ ಕೂಸಿಗೂ ಸ್ವಂತ ಪಾಸ್‌ಪೋರ್ಟ್ ಬೇಕು. ಹುಟ್ಟಿ ಕೆಲವೇ ದಿನಗಳಾಗಿದ್ದರೆ ವೈದ್ಯರ ಪತ್ರ ಕೇಳುವುದುಂಟು. ನಿಯಮ ಕಂಪನಿಯಿಂದ ಕಂಪನಿಗೆ ಬೇರೆ, ಫೋನ್ ಮಾಡಿ ಕೇಳಿಬಿಡಿ.

ಕಿಟಕಿ ಪಕ್ಕದ ಸೀಟು ಒಳ್ಳೆಯದು. ಊಟ ತಿಂಡಿ ತರುವ ತಳ್ಳುಗಾಡಿ ಮಗುವಿನ ಕಾಲಿಗೆ ತಾಗುವುದಿಲ್ಲ, ಓಡಾಡುವವರ ಕಣ್ಣೂ ತಪ್ಪುತ್ತದೆ. ಇಲ್ಲಿ ಒಂದು ಚಿಕ್ಕ ಲೆಕ್ಕ ಇದೆ. 'ಎ' ಸೀಟಿನಲ್ಲಿ ಕೂತರೆ ಕಿಟಕಿ ನಿಮ್ಮ ಎಡಕ್ಕೆ. ಎಡಗಡೆ ಹಾಲು ಕೊಡುವಾಗ ಮಗುವಿನ ತಲೆ ಕಿಟಕಿ ಕಡೆಗಿರುತ್ತದೆ, ಬೇರೇನೂ ಹೊದೆಯುವುದು ಬೇಕಾಗುವುದಿಲ್ಲ. ಬಲಗಡೆ ಕೊಡುವಾಗ ತಲೆ ಪಕ್ಕದವರ ಕಡೆಗೆ. ಆದ್ದರಿಂದ ಏರುವಾಗ ಬಲಗಡೆ ಕೊಟ್ಟು ಎಡಗಡೆಯನ್ನು ಇಳಿಯುವುದಕ್ಕೆ ಉಳಿಸಿಕೊಳ್ಳಿ. ಆಚೆ ಕಿಟಕಿಯಾದರೆ ಇದು ತಿರುವುಮುರುವು.

ಒಂದು ಸಾಲಿನ ಒಂದು ಬದಿಯಲ್ಲಿ ಸಾಮಾನ್ಯವಾಗಿ ಒಂದೇ ಕೂಸಿಗೆ ಜಾಗ. ಹೆಚ್ಚುವರಿ ಆಕ್ಸಿಜನ್ ಮಾಸ್ಕ್ ಒಂದೇ ಇರುತ್ತದೆ. ಅವಳಿ ಮಕ್ಕಳಿದ್ದರೆ, ಇಲ್ಲವೇ ಅಕ್ಕ ತಂಗಿ ಇಬ್ಬರೂ ಕೂಸುಗಳೊಂದಿಗೆ ಹೊರಟಿದ್ದರೆ, ಮೊದಲೇ ಹೇಳಿ. ಎಮರ್ಜೆನ್ಸಿ ಬಾಗಿಲ ಸಾಲು ಮಗು ಇರುವವರಿಗೆ ಕೊಡುವುದಿಲ್ಲ.

ಬಟ್ಟೆ, ಬ್ಯಾಗು

ಸೀರೆ ಉಡುವ ಅಭ್ಯಾಸವಿದ್ದರೆ ಸೆರಗಿಗಿಂತ ಒಳ್ಳೆಯ ಮರೆ ಇನ್ನೊಂದಿಲ್ಲ. ಇಲ್ಲವಾದರೆ ಎರಡೂ ಕಡೆ ಜಿಪ್ ಇರುವ ಕುರ್ತಾ, ಮೇಲೊಂದು ಹತ್ತಿಯ ದುಪಟ್ಟಾ. ಅಂಗಡಿಯಲ್ಲಿ ಸಿಗುವ ಏಪ್ರನ್ ಥರದ ಕವರ್ ನನಗೆ ಆಗಿಬರಲಿಲ್ಲ. ಮಗಳು ಅದನ್ನು ಕಿತ್ತು ಎಸೆಯುತ್ತಿದ್ದಳು. ಅವಳ ಒದ್ದಾಟಕ್ಕೇ ಎಲ್ಲರೂ ತಿರುಗಿ ನೋಡುತ್ತಿದ್ದರು.

ಸೀಟಿನ ಕೆಳಗೆ ಇಡುವ ಬ್ಯಾಗಿನಲ್ಲಿ ಡೈಪರ್, ಒರೆಸುವ ಬಟ್ಟೆ, ಮಗುವಿಗೆ ಎರಡು ಜೊತೆ ಬಟ್ಟೆ ಇರಲಿ. ನಿಮಗೂ ಒಂದು ಕುರ್ತಾ ಇರಲಿ, ಇದನ್ನು ಎಲ್ಲರೂ ಮರೆಯುತ್ತಾರೆ. ದೊಡ್ಡ ಬಾಟಲಿ ನೀರು ನಿಮಗಾಗಿ. ವಿಮಾನದೊಳಗಿನ ಗಾಳಿ ತುಂಬಾ ಒಣ, ಹಾಲು ಕೊಡುವವರಿಗೆ ಗಂಟಲು ಆರುತ್ತದೆ. ಆರು ತಿಂಗಳೊಳಗಿನ, ಎದೆಹಾಲು ಮಾತ್ರ ಕುಡಿಯುವ ಮಗುವಿಗೆ ನೀರು ಬೇಕಿಲ್ಲ, ಪಕ್ಕದವರು ಎಷ್ಟೇ ಹೇಳಲಿ.

ಹಾಲು ಹಿಂಡಿ ಒಯ್ಯುವುದಾದರೆ, ವಿದೇಶ ಪ್ರಯಾಣದಲ್ಲಿ ಕೈಬ್ಯಾಗಿನ ದ್ರವಗಳಿಗಿರುವ 100 ಮಿಲಿ ಲೀಟರ್ ನಿಯಮ ಪ್ರಯಾಣಕ್ಕೆ ಬೇಕಾದಷ್ಟು ಕೂಸಿನ ಹಾಲಿಗೆ ಅನ್ವಯಿಸುವುದಿಲ್ಲ. ತಪಾಸಣೆಯಲ್ಲಿ ಬ್ಯಾಗಿನಿಂದ ಬೇರೆ ತೆಗೆದು, 'ಎದೆಹಾಲು' ಎಂದು ನೀವೇ ಮೊದಲು ಹೇಳಿ. 25 ಡಿಗ್ರಿಗಿಂತ ತಂಪಿನ ಜಾಗದಲ್ಲಿ ಆಗಷ್ಟೇ ಹಿಂಡಿದ ಹಾಲು 4 ಗಂಟೆ ಇರುತ್ತದೆ. ಐಸ್ ಪ್ಯಾಕ್ ಹಾಕಿದ ಕೂಲರ್ ಬ್ಯಾಗಿನಲ್ಲಿ 24 ಗಂಟೆ. ಬ್ಯಾಟರಿ ಇರುವ ಪಂಪ್ ಕೈಬ್ಯಾಗಿನಲ್ಲೇ ಇರಲಿ. ನೆಲದಲ್ಲಿ ಮುಚ್ಚಿದ ಬಾಟಲಿಯನ್ನು ಮೇಲೆ ತೆರೆಯುವಾಗ ನಿಧಾನ, ಒಳಗಿನ ಗಾಳಿ ಹಿಗ್ಗಿ ಹಾಲು ಚಿಮ್ಮುತ್ತದೆ.

ತಪಾಸಣೆ ಮತ್ತು ಗೇಟು

ಎದೆಗೆ ಕಟ್ಟಿಕೊಳ್ಳುವ ಕ್ಯಾರಿಯರ್ ಬಿಚ್ಚಿಸಿ ಎಕ್ಸ್‌ರೇಗೆ ಹಾಕಿಸುತ್ತಾರೆ. ಮಹಿಳಾ ಸಿಬ್ಬಂದಿ ಪರದೆಯೊಳಗೆ ನಿಮ್ಮನ್ನು ತಪಾಸಣೆ ಮಾಡುವಾಗ ಮಗು ನಿಮ್ಮ ಕೈಯಲ್ಲೇ ಇರುತ್ತದೆ. ಆಮೇಲೆ ಸಿಗುವ ಸಮಯದಲ್ಲಿ ಬೇಬಿ ಕೇರ್ ರೂಮ್ ಹುಡುಕಿ ಡೈಪರ್ ಬದಲಿಸಿ. ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಇಂಥ ಕೋಣೆಗಳಿವೆ. ಮಗು ಅತ್ತರೆ ಅಲ್ಲೇ ಸ್ವಲ್ಪ ಹಾಲು ಕೊಡಿ, ಹೊಟ್ಟೆ ತುಂಬ ಮಾತ್ರ ಬೇಡ.

ಕೋಣೆ ಸಿಗದಿದ್ದರೆ ಗೇಟಿನ ಕುರ್ಚಿಯೇ ಸಾಕು. ಟಾಯ್ಲೆಟ್‌ಗೆ ಹೋಗಬೇಡಿ. ನಾವ್ಯಾರಾದರೂ ಟಾಯ್ಲೆಟ್‌ನಲ್ಲಿ ಕೂತು ಊಟ ಮಾಡ್ತೀವಾ? 2025ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್‌ನ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಪೀಠವೂ ಸಾರ್ವಜನಿಕ ಜಾಗದಲ್ಲಿ ಹಾಲೂಡಿಸುವುದನ್ನು ಕೀಳಾಗಿ ಕಾಣಬಾರದು ಎಂದಿದೆ.

ಏರುವಾಗ

ಸೀಟಿನಲ್ಲಿ ಕೂತಾಗ ಗಗನಸಖಿ ಒಂದು ಪುಟ್ಟ ಬೆಲ್ಟ್ ಕೊಡುತ್ತಾರೆ. ಅದರ ಕೊಂಡಿಯೊಳಗೆ ನಿಮ್ಮ ಬೆಲ್ಟ್ ತೂರಿಸಿ ಮೊದಲು ನೀವು ಹಾಕಿಕೊಳ್ಳಿ, ಆಮೇಲೆ ಪುಟ್ಟದ್ದನ್ನು ಮಗುವಿನ ಸೊಂಟಕ್ಕೆ. ನಿಮ್ಮ ಬೆಲ್ಟಿನೊಳಗೇ ಮಗುವನ್ನೂ ಸೇರಿಸಬಾರದು. ಜೋರಾಗಿ ಅಲುಗಿದರೆ ನಿಮ್ಮ ಭಾರವೆಲ್ಲ ಅದರ ಮೇಲೆ ಬೀಳುತ್ತದೆ. ಈ ಬೆಲ್ಟ್ ಇದ್ದಾಗ ಓರೆಯಾಗಿ ಹಾಲು ಕೊಡುವುದು ಮೊದಲ ಸಲ ಕಷ್ಟ. ಮನೆಯಲ್ಲೇ ಮಗುವಿನ ಸೊಂಟಕ್ಕೆ ದುಪಟ್ಟಾ ಸುತ್ತಿ, ಇನ್ನೊಂದು ತುದಿ ನಿಮ್ಮ ಸೊಂಟಕ್ಕೆ ಕಟ್ಟಿ, ಕುರ್ಚಿಯಲ್ಲಿ ಕೂತು ಒಂದೆರಡು ಸಲ ನೋಡಿ.

ಬಾಗಿಲು ಮುಚ್ಚಿದ ಮೇಲೂ ರನ್‌ವೇಗೆ ಹೋಗಲು ಇಪ್ಪತ್ತು ಮೂವತ್ತು ನಿಮಿಷ ಆಗಬಹುದು. ಅಲ್ಲಿವರೆಗೆ ಕಿಟಕಿ ತೋರಿಸಿ, ಗಿಲಕಿ ಆಡಿಸಿ. ಇಂಜಿನ್ ಜೋರಾಗಿ ಮೊರೆದು ವಿಮಾನ ಓಡತೊಡಗಿದಾಗ ಎದೆಗೆ ಹಚ್ಚಿಕೊಳ್ಳಿ. ಏರುವಾಗ ನೋವು ಕಡಿಮೆ, ಮಗು ಮಲಗಿದ್ದರೆ ಮಲಗಿರಲಿ.

ಇಳಿಯುವಾಗ

'ಲ್ಯಾಂಡಿಂಗ್‌ಗೆ ಸಿದ್ಧರಾಗಿ' ಎಂಬ ಘೋಷಣೆಗೆ ಕಾಯಬೇಡಿ, ಅದು ಬರುವ ಹೊತ್ತಿಗೆ ಅರ್ಧ ಇಳಿದಾಗಿರುತ್ತದೆ. ವಿಮಾನ ಇಳಿಯತೊಡಗುವುದು ನೆಲ ಮುಟ್ಟುವುದಕ್ಕೆ ಸುಮಾರು ಅರ್ಧ ಗಂಟೆ ಮೊದಲು. ಇಂಜಿನ್ ಸದ್ದು ತಟಕ್ಕನೆ ತಗ್ಗುತ್ತದೆ, ಮೂಗು ಸ್ವಲ್ಪ ಕೆಳಗಾದಂತೆ ಅನಿಸುತ್ತದೆ, ನಿಮ್ಮ ಕಿವಿಯೇ 'ಗುಂಯ್' ಎನ್ನುತ್ತದೆ. ಆಗ ಶುರು ಮಾಡಿ. ದೆಹಲಿಯಂಥ ಊರಿನಲ್ಲಿ ವಿಮಾನ ಮೇಲೇ ಸುತ್ತು ಹಾಕುತ್ತಿದ್ದರೆ ನಡುವೆ ಬಿಡಿಸಿ, ತೇಗು ತರಿಸಿ, ಮತ್ತೆ ಹಚ್ಚಿ.

ನಿದ್ದೆಯಲ್ಲಿದ್ದರೆ? ನಾನು ಎಬ್ಬಿಸುವ ಪಕ್ಷದವಳು. ನಿದ್ದೆಯಲ್ಲಿ ನುಂಗುವುದು ಕಡಿಮೆ. ಕುಲಾವಿ ಸಡಿಲಿಸಿ, ಪಾದ ತಿಕ್ಕಿ, ಮೊಲೆತೊಟ್ಟನ್ನು ತುಟಿಗೆ ಸವರಿ. ಕಣ್ಣು ಬಿಡದೆಯೇ ಚೀಪಲು ಶುರು ಮಾಡುತ್ತವೆ ಎಷ್ಟೋ ಮಕ್ಕಳು. ಏನು ಮಾಡಿದರೂ ಕುಡಿಯದಿದ್ದರೆ ತೊಳೆದ ಕಿರುಬೆರಳು ಚೀಪಿಸಿ. ಅತ್ತರೂ ಗಾಬರಿ ಬೇಡ, ಅಳುವುದರಿಂದಲೂ ಆ ಕೊಳವೆ ತೆರೆಯುತ್ತದೆ. ನೆಗಡಿ ಅಥವಾ ಕಿವಿ ಸೋರುವುದು ಇದ್ದರೆ ಮಾತ್ರ ಹೊರಡುವ ಮೊದಲು ವೈದ್ಯರಿಗೆ ತೋರಿಸಿ. ಮುಂದೂಡಿ ಎಂದರೆ ಮುಂದೂಡಿ.

ದೂರದ ಪ್ರಯಾಣವಾದರೆ

ಅಮೆರಿಕ, ಯುರೋಪಿಗೆ ಹೋಗುವ ದೊಡ್ಡ ವಿಮಾನಗಳಲ್ಲಿ ಮುಂದಿನ ಗೋಡೆಗೆ ಸಿಕ್ಕಿಸುವ ತೊಟ್ಟಿಲು ಸಿಗುತ್ತದೆ, ಮೊದಲೇ ಕೇಳಬೇಕು. ಆ ಸಾಲಿನಲ್ಲಿ ಎದುರು ಸೀಟಿಲ್ಲದ ಕಾರಣ ಬ್ಯಾಗನ್ನು ಮೇಲಿನ ಕಪಾಟಿನಲ್ಲಿ ಇಡಿಸುತ್ತಾರೆ. ಒಂದು ಡೈಪರ್, ಒಂದು ಬಟ್ಟೆ ಜೇಬಿನಲ್ಲೋ ಮಡಿಲಲ್ಲೋ ಇಟ್ಟುಕೊಳ್ಳಿ. ಆ ಸೀಟುಗಳ ಕೈ ಸಾಮಾನ್ಯವಾಗಿ ಮೇಲೆ ಎತ್ತಲು ಬರುವುದಿಲ್ಲ, ಮೊಣಕೈ ಕೆಳಗೆ ಶಾಲು ಮಡಚಿ ಇಟ್ಟರೆ ಭುಜ ನೋಯುವುದಿಲ್ಲ. ವಿಮಾನ ಅಲುಗಿ ಬೆಲ್ಟ್ ದೀಪ ಹತ್ತಿದಾಗಲೆಲ್ಲ ಮಗುವನ್ನು ತೊಟ್ಟಿಲಿನಿಂದ ಎತ್ತಿಕೊಳ್ಳಬೇಕು, ಆಗಷ್ಟೇ ಮಲಗಿದ್ದರೂ. ಎರಡು ಇಳಿಯುವಿಕೆ ಇದ್ದರೆ ಲೆಕ್ಕವೂ ಎರಡು ಸಲ.

ಚಕ್ರ ನೆಲ ಮುಟ್ಟಿದ ಕೂಡಲೇ ಎಲ್ಲರೂ ಎದ್ದು ನಿಲ್ಲುತ್ತಾರೆ. ನೀವು ಕೂತೇ ಇರಿ, ಮಗು ಕುಡಿದು ಮುಗಿಸಲಿ. ಎರಡನೇ ಸಲ ಬೆಂಗಳೂರಿಗೆ ಇಳಿದಾಗ ನಾನು ಕೊನೆಯವಳಾಗಿ ಹೊರಬಂದೆ. ಹೊರಗೆ ಅಮ್ಮ ಮೊದಲು ನೋಡಿದ್ದು ಹತ್ತಿ ಇದೆಯಾ ಅಂತ.