ಸಿಂಗಳೀಕವನ್ನೂ ಜೌಗಿನ ಮರವನ್ನೂ ಹೋಲಿಸುವುದು ಹೇಗೆ?

ಪ್ರಾಣಿ-ಗಿಡ ಹೋಲಿಸಿ ಬರೆಯಿರಿ ಎಂದಾಗ ನಾನು ನನ್ನ ವಿದ್ಯಾರ್ಥಿಗಳಿಗೆ ಕೊಡುವ ಜೋಡಿ ಇದು: ಸಿಂಗಳೀಕ, ಮತ್ತು ಕಾಡುಜಾಯಿಕಾಯಿ ಜಾತಿಯ ಮಿರಿಸ್ಟಿಕಾ ಮ್ಯಾಗ್ನಿಫಿಕಾ ಮರ. ಪಶ್ಚಿಮ ಘಟ್ಟ ಬಿಟ್ಟರೆ ಬೇರೆ ಯಾವ ಕಾಡಿನಲ್ಲೂ ಇವೆರಡೂ ಇಲ್ಲ. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ (ಐಯುಸಿಎನ್) ಕೆಂಪು ಪಟ್ಟಿಯಲ್ಲಿ ಎರಡೂ ‘ಎಂಡೇಂಜರ್ಡ್’, ಅಂದರೆ ಅಳಿವಿನ ಅಪಾಯದಲ್ಲಿರುವವು. ಇಷ್ಟು ಬರೆದು ಸುಮ್ನೆ ಪುಸ್ತಕ ಮುಚ್ಚಬೇಡಿ.

ಬಣ್ಣ, ಆಕಾರಕ್ಕೆ ಎರಡು ಸಾಲು ಸಾಕು. ಮೊದಲು ಜಾಗ ನೋಡಿ. ಸಿಂಗಳೀಕದ ಬದುಕೆಲ್ಲ ಹೆಚ್ಚಾಗಿ ಮರದ ಮೇಲೆಯೇ. ಕೊಂಬೆಗೆ ಕೊಂಬೆ ತಾಗುವ ಕಾಡು ಅದಕ್ಕೆ ಬೇಕು. ಮಿರಿಸ್ಟಿಕಾಕ್ಕೆ ಬೇಕಾದದ್ದು ಕಾಡಿನ ಹಳ್ಳದ ಕೆಸರು. ಕಾಂಡದಿಂದ ಇಳಿದ ಬೇರುಗಳು ಊರುಗೋಲಿನಂತೆ ಮರವನ್ನು ಹಿಡಿದಿರುತ್ತವೆ. ಬೇರೆ ಕೆಲವು ಜೌಗಿನ ಮರಗಳ ಬೇರು ಕೆಸರಿನಿಂದ ಮೇಲೆದ್ದು, ಬಾಗಿ, ಮತ್ತೆ ಕೆಸರಿಗೇ ಇಳಿಯುತ್ತದೆ. ನೀರು ತುಂಬಿದ ಮಣ್ಣಿನಲ್ಲಿ ಗಾಳಿ ಕಡಿಮೆ, ಅದಕ್ಕೇ ಈ ಏರ್ಪಾಡು.

ಆಮೇಲೆ ಸಂತಾನ. ನನ್ನ ಪ್ರಕಾರ ಹೆಚ್ಚು ಹೊತ್ತು ಕೊಡಬೇಕಾದ ಭಾಗ ಇದೇ. ಹೆಣ್ಣು ಸಿಂಗಳೀಕ ಸಾಮಾನ್ಯವಾಗಿ ಒಂದೇ ಮರಿ ಹಾಕುತ್ತದೆ, ಮುಂದಿನದಕ್ಕೆ ಎರಡು-ಮೂರು ವರ್ಷ ಬೇಕು. ಮಿರಿಸ್ಟಿಕಾದಲ್ಲೂ ಗಂಡು ಮರ, ಹೆಣ್ಣು ಮರ ಬೇರೆ ಬೇರೆ! ಬೀಜ ಒಣಗಿದರೆ ಸತ್ತುಹೋಗುತ್ತದೆ, ಕೂಡಿಟ್ಟುಕೊಂಡು ಮುಂದೆಂದೋ ಬಿತ್ತಲು ಆಗುವುದಿಲ್ಲ. ಎರಡೂ ಕಳೆದುಕೊಂಡದ್ದನ್ನು ಬೇಗ ತುಂಬಿಕೊಳ್ಳಲಾರವು ಅಲ್ವಾ?

ಈಗ ಸಂರಕ್ಷಣೆಯ ಸ್ಥಿತಿ. ಪಟ್ಟಿಯ ಹೆಸರಿನ ಪಕ್ಕದಲ್ಲೇ ಮೌಲ್ಯಮಾಪನದ ವರ್ಷ ಬರೆದುಕೊಳ್ಳಿ. ಯಾವ ಮಾನದಂಡದ ಮೇಲೆ ಆ ಸ್ಥಾನ ಸಿಕ್ಕಿತು ಎಂಬುದನ್ನೂ ನೋಡಿ: ಸಂಖ್ಯೆ ಕುಸಿದದ್ದಕ್ಕೋ, ಹರವು ಕಿರಿದಾದದ್ದಕ್ಕೋ? ಕಾನೂನನ್ನು ಬೇರೆ ಸಾಲಿನಲ್ಲಿಡಿ. ಕೆಂಪು ಪಟ್ಟಿ ತಾನಾಗಿ ಯಾರನ್ನೂ ಶಿಕ್ಷಿಸುವುದಿಲ್ಲ. ಸಿಂಗಳೀಕಕ್ಕೆ ರಕ್ಷಣೆ ಕೊಡುವುದು 1972ರ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿ.

ಕೊನೆಗೆ ಈ ಪ್ರಶ್ನೆ ಹಾಕಿಕೊಳ್ಳಿ: ಒಂದು ಮರವನ್ನೂ ಕಡಿಯದೆ ಹಳ್ಳದ ನೀರನ್ನಷ್ಟೇ ತೋಟಕ್ಕೆ ತಿರುಗಿಸಿದರೆ ಯಾರಿಗೆ ಮೊದಲು ಪೆಟ್ಟು? ಮಿರಿಸ್ಟಿಕಾಕ್ಕೆ. ಕಾಡಿನ ನಡುವೆ ಅಗಲವಾದ ರಸ್ತೆ ಬಂದರೆ? ಸಿಂಗಳೀಕದ ಗುಂಪುಗಳು ಎರಡು ಪಾಲಾಗುತ್ತವೆ. ಪಟ್ಟಿಯಲ್ಲಿ ಸ್ಥಾನ ಒಂದೇ, ಆದರೆ ಕಾಯಬೇಕಾದ ರೀತಿ ಬೇರೆ.

ಉದಾಹರಣೆ ಬೇಕಿದ್ದರೆ ಉತ್ತರ ಕನ್ನಡದ ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಪ್ರದೇಶ ತೆಗೆದುಕೊಳ್ಳಿ. 2011ರಲ್ಲಿ ಘೋಷಣೆಯಾದದ್ದು, 2019ರಲ್ಲಿ ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯದೊಳಗೆ ಸೇರಿತು. ಮೀಸಲಿನ ಹೆಸರಿನಲ್ಲಿ ಇದ್ದದ್ದು ಸಿಂಗಳೀಕ ಮಾತ್ರ, ಆದರೆ ಮಿರಿಸ್ಟಿಕಾ ಬೆಳೆಯುವ ಕತ್ತಲೆಕಾನು ಕಾಡಿನ ಜೌಗೂ ಅದರೊಳಗೇ ಇತ್ತು.